ಸೆಪ್ಟೆಂಬರ್ 1ರ ನಿರೀಕ್ಷೆಯಲ್ಲಿ

ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿರುವ ಅಕ್ಕನ ಮಗಳು ಈ ಬೇಸಿಗೆಯಲ್ಲಿ ತುಮಕೂರಿನ ನಮ್ಮ ಮನೆಗೆ ಬಂದಾಗ, ತುದಿಗೆ ಬಲೆ ಕಟ್ಟಿದ ಕೋಲೊಂದನ್ನು ಜೊತೆಯಲ್ಲೇ ತಂದಿದ್ದಳು. ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದ, ಬಲೆಯಲ್ಲಿ ಚೆಂಡು ಹಿಡಿದು ಎಸೆಯುವ ಲ್ಯಾಕ್ರಾಸ್ ಆಟದ ಕೋಲು ಅದು. ಆ ಆಟದ ಮೂಲಕವೇ ಕಾಲೇಜು ಸೇರಬೇಕೆಂಬುದು ಅವಳ ಆಸೆ.

ಖೋಖೋ ಆಡಿ ಕ್ರೀಡಾ ಕೋಟಾದಲ್ಲಿ ಪದವಿ ತರಗತಿಗೆ ಸೇರಿದ ನನಗೆ ಅಲ್ಲಿನ ಕ್ರಮ ತೀರ ಹೊಸದು. ನಾನು ಪ್ರಮಾಣಪತ್ರಗಳನ್ನು ಹಿಡಿದು ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯ ಮುಂದೆ ನಿಂತಿದ್ದೆ. ಅಲ್ಲಿಯಾದರೋ ತರಬೇತುದಾರರೇ ಆಟಗಾರರನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಮೂರು ವಿಭಾಗಗಳಲ್ಲಿ ಮೇಲ್ಮಟ್ಟದ್ದಾದ ಮೊದಲ ವಿಭಾಗದ ಕಾಲೇಜುಗಳ ತರಬೇತುದಾರರು ವಿದ್ಯಾರ್ಥಿಯು 11ನೇ ತರಗತಿಗೆ ಬರುವ ವರ್ಷದ ಸೆಪ್ಟೆಂಬರ್ 1ಕ್ಕೆ ಮುನ್ನ ಆಯ್ಕೆಯ ಮಾತುಕತೆ ನಡೆಸುವಂತಿಲ್ಲ. ಹಿಂದೆ ಎಂಟು, ಒಂಬತ್ತನೇ ತರಗತಿಯ ಮಕ್ಕಳಿಂದಲೂ ಬಾಯಿಮಾತಿನ ಒಪ್ಪಿಗೆ ಪಡೆಯುತ್ತಿದ್ದುದರಿಂದ 2017ರಲ್ಲಿ ಈ ತಡೆ ಬಂದಿತು. ಇದು ನ್ಯಾಯವೆಂದೇ ನನ್ನ ನಂಬಿಕೆ, ಏಕೆಂದರೆ ಆ ವಯಸ್ಸಿನಲ್ಲಿ ಮುಂದೆ ಏನು ಓದಬೇಕೆಂಬುದೇ ಮಕ್ಕಳಿಗೆ ಸ್ಪಷ್ಟವಾಗಿರುವುದಿಲ್ಲ.

ಮೂರನೇ ವಿಭಾಗದ ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದಿರುವುದರಿಂದ ಅಂಕಗಳನ್ನೂ ಕಾಯ್ದುಕೊಳ್ಳಬೇಕೆಂದು ಅಕ್ಕ ಹೇಳುತ್ತಲೇ ಇದ್ದಳು. ಹುಡುಗಿ ಮಾತ್ರ ದಿನವೂ ಮುಂಜಾನೆ ನನ್ನೊಡನೆ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬಂದು, ಎರಡೂ ಕೈಗಳಿಂದ ಸಮನಾಗಿ ಚೆಂಡು ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. "ಮಾವ, ಈ ಸೆಪ್ಟೆಂಬರ್‌ನಲ್ಲಿ ನಾನು ಹನ್ನೊಂದನೇ ತರಗತಿ" ಎಂದು ಹೊರಡುವ ದಿನ ನೆನಪಿಸಿದಳು.