ದೊರೆಯ ಕೈಯಲ್ಲಿದ್ದ ಸಾಲದ ಹಗ್ಗ

ಜೂನ್ 15, 2025, ಭಾನುವಾರ

1215ರಲ್ಲಿ ಇದೇ ತಾರೀಖಿನಂದು, ಥೇಮ್ಸ್ ನದಿಯ ಪಕ್ಕದ ರನ್ನಿಮೀಡ್ ಎಂಬ ಹುಲ್ಲುಗಾವಲಿನಲ್ಲಿ, ಇಂಗ್ಲೆಂಡಿನ ದೊರೆ ಜಾನ್ ತನ್ನದೇ ಸಾಮಂತರಿಗೆ ಮಣಿದ. ಅಂದು ಅವನು ಒಪ್ಪಿದ ಸನ್ನದು ಮ್ಯಾಗ್ನಾ ಕಾರ್ಟಾ. ಆ ಹೆಸರು ಶಾಲೆಯಲ್ಲಿ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಇವತ್ತು ರಜೆ, ಹೊರಗೆ ಮಳೆ. ಆ ಸನ್ನದಿನ ಕಲಮುಗಳನ್ನು ಒಂದೊಂದಾಗಿ ಓದುತ್ತ ಕುಳಿತಿದ್ದೆ. ಮೊದಲ ಕಲಮು ಚರ್ಚಿನ ಹಕ್ಕುಗಳದ್ದು. ಅದು ಮುಗಿಯುತ್ತಲೇ ಎರಡನೆಯದರಲ್ಲಿ ದುಡ್ಡಿನ ಮಾತು ಬಂದುಬಿಡುತ್ತದೆ: ಬ್ಯಾರನ್, ಅಂದರೆ ದೊಡ್ಡ ಸಾಮಂತನೊಬ್ಬ ಸತ್ತರೆ ಅವನ ವಾರಸುದಾರ ದೊರೆಗೆ ನೂರು ಪೌಂಡ್ ಕಾಣಿಕೆ ಕಟ್ಟಿ ಆಸ್ತಿಯನ್ನು ಪಡೆಯತಕ್ಕದ್ದು. ನ್ಯಾಯ, ವಿಚಾರಣೆ, ಸ್ವಾತಂತ್ರ್ಯದ ಪ್ರಖ್ಯಾತ ಸಾಲುಗಳು ಬರುವುದು ಬಹಳ ಕೆಳಗೆ, 39 ಮತ್ತು 40ನೆಯ ಕಲಮುಗಳಲ್ಲಿ. ಸಾಮಂತರಿಗೆ ಎಲ್ಲಿ ನೋವಿತ್ತು ಎಂಬುದನ್ನು ಈ ಸರದಿಯೇ ಹೇಳುತ್ತದೆ ಎಂದು ನನಗನ್ನಿಸುತ್ತದೆ.

ಭೂಮಿಯೆಲ್ಲ ದೊರೆಯದು, ಸಾಮಂತರು ಅದನ್ನು ಅವನಿಂದ ಪಡೆದು ಅನುಭವಿಸುವವರು ಎಂಬುದು ಅಲ್ಲಿನ ವ್ಯವಸ್ಥೆ. ಅಪ್ಪ ಸತ್ತಾಗ ಮಗ ದೊರೆಗೆ ಕಾಣಿಕೆ ಕೊಟ್ಟು ಜಹಗೀರನ್ನು ಬಿಡಿಸಿಕೊಳ್ಳಬೇಕು. ನೂರು ಪೌಂಡ್ ನ್ಯಾಯವಾದ ಮೊತ್ತ ಎಂಬ ರೂಢಿಯಿತ್ತು, ಆದರೆ ಅದು ದೊರೆಯನ್ನು ಕಟ್ಟಿಹಾಕುವಂತಿರಲಿಲ್ಲ. ಉತ್ತರ ಇಂಗ್ಲೆಂಡಿನ ನಿಕೊಲಸ್ ಡಿ ಸ್ಟಟ್‌ವಿಲ್ ಎಂಬವನಿಗೆ 1205ರಲ್ಲಿ ಜಾನ್ ಹಾಕಿದ ಮೊತ್ತ 10,000 ಮಾರ್ಕ್. ಒಂದು ಮಾರ್ಕ್ ಎಂದರೆ ಪೌಂಡಿನ ಮೂರನೇ ಎರಡು ಪಾಲು. ಹಾಗಾಗಿ ಇದು ಆರೂವರೆ ಸಾವಿರ ಪೌಂಡಿಗೂ ಮೇಲಾಯಿತು. ಆ ಮನುಷ್ಯ ನೇರ್ಸ್‌ಬರೋ ಕೋಟೆಯನ್ನು ದೊರೆಗೆ ಅಡವಿಡಬೇಕಾಯಿತು. ಜೆಫ್ರಿ ಡಿ ಮ್ಯಾಂಡವಿಲ್‌ನದು ಇನ್ನೂ ವಿಚಿತ್ರ. ಜಾನ್ ತಾನು ಬಿಟ್ಟ ಮೊದಲ ಹೆಂಡತಿ, ಗ್ಲಾಸ್ಟರಿನ ಇಸಬೆಲ್ಲಳನ್ನು 1214ರಲ್ಲಿ ಅವನಿಗೆ ಮದುವೆ ಮಾಡಿಕೊಟ್ಟು, ಅದಕ್ಕೆ 20,000 ಮಾರ್ಕ್ ಬೆಲೆ ಕಟ್ಟಿದ. ಮರುವರ್ಷ ಈ ಇಬ್ಬರು ಸಾಮಂತರೂ ದಂಗೆಕೋರರ ಸಾಲಿನಲ್ಲಿದ್ದರು.

ಇಷ್ಟು ಹಣ ಯಾರ ಬಳಿಯೂ ಇರಲಿಲ್ಲ, ದೊರೆಗೂ ಅದು ಗೊತ್ತಿತ್ತು. ಸಾಲವೆಂಬುದು ಅವನ ಕೈಯಲ್ಲಿ ದನದ ಕೊರಳಿನ ಹಗ್ಗದಂತಿತ್ತು. ಹೇಳಿದಂತೆ ಕೇಳುವವನಿಗೆ ಕಂತು ಮುಂದಕ್ಕೆ ಹೋಗುತ್ತಿತ್ತು, ಒಮ್ಮೊಮ್ಮೆ ಮನ್ನಾ ಕೂಡ ಆಗುತ್ತಿತ್ತು. ಮುನಿಸಿಗೆ ಗುರಿಯಾದವನು ಪೂರ್ತಿ ಬಾಕಿಯನ್ನು ಒಮ್ಮೆಲೇ ತೀರಿಸಬೇಕು. ತಪ್ಪಿದರೆ ಜಮೀನು ಜಪ್ತಿ. ಜೊತೆಗೆ, ನಿಷ್ಠೆಗೆ ಆಧಾರವಾಗಿ ಗಂಡುಮಕ್ಕಳನ್ನು ಒತ್ತೆ ಇಡಬೇಕು. ಒತ್ತೆಯಾಳಾಗಿ ಕೊಟ್ಟ ಮಗನಿಗೆ ಏನಾಗಬಹುದೆಂಬುದಕ್ಕೆ 1212ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಎಲ್ಲರ ಕಣ್ಣಿಗೂ ಸಾಕ್ಷಿ ಸಿಕ್ಕಿತು: ವೇಲ್ಸ್ ತಿರುಗಿಬಿದ್ದಾಗ ಅಲ್ಲಿಂದ ತಂದಿದ್ದ ಒತ್ತೆಯಾಳುಗಳನ್ನು, ಎಳೆಯ ಹುಡುಗರೂ ಸೇರಿದಂತೆ, ನೇಣಿಗೇರಿಸಲಾಯಿತು.

ವಿಲಿಯಂ ಡಿ ಬ್ರಿಯೋಸ್ ಎಂಬ ಸಾಮಂತನ ಮನೆತನದ ಕಥೆ ಇಡೀ ವಿಷಯದ ತಿರುಳು. 1202ರಲ್ಲಿ ಫ್ರಾನ್ಸಿನ ಮಿರಬೊದಲ್ಲಿ ಜಾನ್‌ನ ಅಣ್ಣನ ಮಗ, ಸಿಂಹಾಸನಕ್ಕೆ ಪ್ರತಿಸ್ಪರ್ಧಿಯಾಗಿದ್ದ ಹದಿಹರೆಯದ ಆರ್ಥರ್‌ನನ್ನು ಸೆರೆಹಿಡಿದವನು ಇದೇ ಬ್ರಿಯೋಸ್. ಮರುವರ್ಷ ಆರ್ಥರ್ ಕಾಣೆಯಾದ. ಜಾನನೇ ಕೊಂದನೆಂಬ ಮಾತು ಹಬ್ಬಿತು. ಬ್ರಿಯೋಸ್ ಮೊದಮೊದಲು ದೊರೆಯ ಪ್ರೀತಿಪಾತ್ರ, ಐರ್ಲೆಂಡಿನ ಲಿಮರಿಕ್ ಸೀಮೆಯನ್ನು 5,000 ಮಾರ್ಕಿಗೆ ಪಡೆದವನು. ಕೃಪೆ ಕೆಟ್ಟ ದಿನವೇ ಆ ಬಾಕಿ ನೆನಪಿಗೆ ಬಂತು. ಮಗನನ್ನು ಒತ್ತೆ ಕೊಡಿ ಎಂದು ಬಂದ ಜನರಿಗೆ ಬ್ರಿಯೋಸ್‌ನ ಹೆಂಡತಿ ಮಟಿಲ್ಡಾ, ಅಣ್ಣನ ಮಗನನ್ನೇ ಕೊಂದವನ ಕೈಗೆ ನನ್ನ ಮಕ್ಕಳನ್ನು ಕೊಡಲಾರೆ ಎಂದಳೆಂದು ಆ ಕಾಲದ ವೃತ್ತಾಂತಕಾರರು ಬರೆದಿದ್ದಾರೆ. ಸಂಸಾರ ಐರ್ಲೆಂಡಿಗೆ ಓಡಿತು. 1210ರಲ್ಲಿ ಜಾನ್ ಸೈನ್ಯ ಸಮೇತ ಅಲ್ಲಿಗೂ ಹೋದ. ತಪ್ಪಿಸಿಕೊಂಡು ಸ್ಕಾಟ್ಲೆಂಡಿಗೆ ದಾಟಿದ ತಾಯಿ ಮತ್ತು ಹಿರಿಯ ಮಗ ಸಿಕ್ಕಿಬಿದ್ದರು. ಸೆರೆಮನೆಯಲ್ಲಿ ಅವರಿಬ್ಬರನ್ನೂ ಅನ್ನವಿಲ್ಲದೆ ಸಾಯಿಸಲಾಯಿತು. ಗಂಡ ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿ 1211ರಲ್ಲಿ ಸತ್ತ. ಈ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಸಿಟ್ಟು ಆರುವುದಿಲ್ಲ. ತಾನು ಸಾಲದ ಕಾನೂನಿನ ಪ್ರಕಾರವೇ ನಡೆದೆನೆಂದು ಸಮರ್ಥಿಸಿಕೊಳ್ಳುವ ಒಂದು ಪತ್ರವನ್ನು ಜಾನ್ ಹೊರಡಿಸಿದ. ಹೆಂಗಸಿನ ಹಸಿವಿನ ಸಾವಿಗೆ ಅದು ಉತ್ತರವೇ? ಇದನ್ನು ಕಂಡ ಬೇರೆ ಸಾಮಂತರು ತಂತಮ್ಮ ಬಾಕಿಯನ್ನು ಎಣಿಸಿಕೊಂಡಿರಲೇಬೇಕು.

ಜಾನ್‌ನ ಅಪ್ಪ ಎರಡನೇ ಹೆನ್ರಿ, ಅಣ್ಣ ರಿಚರ್ಡ್ ಇಬ್ಬರೂ ಇಂಥ ಸುಲಿಗೆ ಮಾಡಿದವರೇ. ಹಾಗಿದ್ದೂ ಸಿಟ್ಟು ಇವನ ಕಾಲದಲ್ಲೇ ಏಕೆ ಸಿಡಿಯಿತು? ಇದಕ್ಕೆ ಉತ್ತರ ಸಿಗುವುದು ಫ್ರಾನ್ಸಿನಲ್ಲಿ ಇಂಗ್ಲೆಂಡಿನ ದೊರೆಗಳ ಕೈಯಲ್ಲಿದ್ದ ನಾರ್ಮಂಡಿ ಸೀಮೆಯಲ್ಲಿ. 1204ರಲ್ಲಿ ಫ್ರಾನ್ಸಿನ ದೊರೆ ಫಿಲಿಪ್ ಆ ಸೀಮೆಯನ್ನು ಕಿತ್ತುಕೊಂಡ. ರಿಚರ್ಡ್ ತನ್ನ ಹತ್ತು ವರ್ಷದ ಆಳ್ವಿಕೆಯಲ್ಲಿ ಇಂಗ್ಲೆಂಡಿನಲ್ಲಿ ಕಳೆದದ್ದು ಸುಮಾರು ಆರು ತಿಂಗಳು ಮಾತ್ರ. ನಾರ್ಮಂಡಿ ಹೋದ ಮೇಲೆ ಜಾನ್ ಇಂಗ್ಲೆಂಡಿನಲ್ಲೇ ಉಳಿದ. ಸೋಮಾರಿಯಾಗಿದ್ದರೆ ಸಾಮಂತರು ಬದುಕಿಕೊಳ್ಳುತ್ತಿದ್ದರೇನೋ. ಅವನು ಊರಿಂದೂರಿಗೆ ಸುತ್ತುತ್ತಿದ್ದ, ತಾನೇ ಕುಳಿತು ವ್ಯಾಜ್ಯ ಕೇಳುತ್ತಿದ್ದ, ಯಾರ ಬಾಕಿ ಎಷ್ಟೆಂದು ಬಲ್ಲವನಾಗಿದ್ದ. ಕಳೆದುಕೊಂಡ ನಾಡನ್ನು ಮರಳಿ ಗೆಲ್ಲಲು ಅವನಿಗೆ ಹಣ ಬೇಕಿತ್ತು, ಬೆಲೆಗಳೂ ಏರಿದ್ದವು. ಯುದ್ಧಸೇವೆಗೆ ಬದಲಾಗಿ ಕಟ್ಟುವ ಸ್ಕ್ಯೂಟೇಜ್ ಎಂಬ ತೆರಿಗೆಯನ್ನು ಅಪ್ಪ, ಅಣ್ಣ ಇಬ್ಬರೂ ಸೇರಿ 45 ವರ್ಷಗಳಲ್ಲಿ ಎತ್ತಿದ್ದು 11 ಸಲ. ಜಾನ್ 16 ವರ್ಷಗಳಲ್ಲೇ ಅಷ್ಟನ್ನು ಮುಟ್ಟಿದ. 1207ರಲ್ಲಿ ಜನರ ಆದಾಯ ಮತ್ತು ಚರಾಸ್ತಿಯ ಹದಿಮೂರನೇ ಒಂದು ಪಾಲನ್ನು ಕಿತ್ತು ಸುಮಾರು 60,000 ಪೌಂಡ್ ಕೂಡಿಹಾಕಿದ.

ಪೋಪ್ ಜೊತೆಗಿನ ಜಗಳವನ್ನು ಇಲ್ಲಿ ಹೆಚ್ಚು ಎಳೆಯುವುದಿಲ್ಲ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪದವಿಗೆ ಪೋಪ್ ಆರಿಸಿದ ಸ್ಟೀಫನ್ ಲ್ಯಾಂಗ್ಟನ್‌ನನ್ನು ಜಾನ್ ಒಪ್ಪಲಿಲ್ಲ. ಪೋಪ್ ಆಜ್ಞೆಯಿಂದ 1208ರಿಂದ ಆರು ವರ್ಷ ದೇಶದ ಚರ್ಚುಗಳಲ್ಲಿ ಪೂಜೆ ನಿಂತಿತು. 1212ರಲ್ಲಿ ದೊರೆಯನ್ನು ಕೊಲ್ಲುವ ಸಂಚು ಬಯಲಾಗಿ ರಾಬರ್ಟ್ ಫಿಟ್ಸ್‌ವಾಲ್ಟರ್, ಯೂಸ್ಟೇಸ್ ಡಿ ವೆಸ್ಕಿ ಎಂಬ ಸಾಮಂತರು ಓಡಿಹೋದರು. ಮರುವರ್ಷ ಜಾನ್ ಪೋಪ್‌ಗೆ ಶರಣಾಗಿ ಅವರ ಸಾಮಂತನೇ ಆಗಿಬಿಟ್ಟ.

ಇಷ್ಟೆಲ್ಲ ಸುಲಿದ ಹಣ ಗೆಲುವು ತಂದಿದ್ದರೆ ಸಾಮಂತರು ಹಲ್ಲುಕಚ್ಚಿ ಸುಮ್ಮನಿರುತ್ತಿದ್ದರೆಂದೇ ನನ್ನ ನಂಬಿಕೆ. 1214ರ ಜುಲೈ 27ರಂದು ಬೂವಿನ್‌ನಲ್ಲಿ ಜಾನ್‌ನ ಮಿತ್ರಪಡೆಗಳು ಫಿಲಿಪ್‌ಗೆ ಸೋತು ಚೆಲ್ಲಾಪಿಲ್ಲಿಯಾದವು. ಬರಿಗೈಯಲ್ಲಿ ಮರಳಿದ ದೊರೆ, ಆ ದಂಡಯಾತ್ರೆಗೆ ಬಾರದವರಿಂದ ಒಂದೊಂದು ನೈಟ್ ಜಹಗೀರಿಗೆ (ಒಬ್ಬ ಕುದುರೆ ಸವಾರ ಯೋಧನನ್ನು ಒದಗಿಸಬೇಕಾದ ಭೂಮಿಗೆ) ಮೂರು ಮಾರ್ಕಿನಂತೆ ಸ್ಕ್ಯೂಟೇಜ್ ಕೇಳಿದ. ಉತ್ತರ ಇಂಗ್ಲೆಂಡಿನ ಸಾಮಂತರು ಕೊಡುವುದಿಲ್ಲ ಎಂದರು. 1215ರ ಮೇ 17ರಂದು ಲಂಡನ್ ನಗರ ದಂಗೆಕೋರರ ವಶವಾಯಿತು. ಆಮೇಲೆ ರನ್ನಿಮೀಡ್‌ಗೆ ಬಾರದೆ ಜಾನ್‌ಗೆ ದಾರಿಯಿರಲಿಲ್ಲ.

ಸಾಮಂತರನ್ನು ವೀರರೆಂದು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ತಮ್ಮ ಹೊಲದ ಜೀತದಾಳುಗಳ ಮೇಲೆ ಅವರೂ ಇದೇ ಹಗ್ಗ ಹಿಡಿದಿದ್ದರು. ದೊರೆ ನಮಗೆ ಕೊಟ್ಟದ್ದನ್ನು ನಾವು ನಮ್ಮ ಕೈಕೆಳಗಿನವರಿಗೆ ಕೊಡುತ್ತೇವೆ ಎಂಬ ಅರ್ಥದ ಕಲಮೊಂದು ಸನ್ನದಿನಲ್ಲಿದೆ, 60ನೆಯದು. ಅದು ಎಷ್ಟು ಹೊಲಗಳಿಗೆ ತಲುಪಿತೋ! ಎಲ್ಲ ಸಾಮಂತರೂ ದಂಗೆ ಎದ್ದವರಲ್ಲ. ವಿಲಿಯಂ ಮಾರ್ಷಲ್‌ನ ಗಂಡುಮಕ್ಕಳನ್ನೂ ಜಾನ್ ಒತ್ತೆ ಇಟ್ಟುಕೊಂಡಿದ್ದ. ಆದರೂ ಆ ಮುದುಕ ಕೊನೆಯವರೆಗೂ ದೊರೆಯ ಪಕ್ಷ ಬಿಡಲಿಲ್ಲ.

ಸನ್ನದು ಮೂರು ತಿಂಗಳೂ ಬಾಳಲಿಲ್ಲ. ಆಗಸ್ಟ್ 24ರಂದು ಪೋಪ್ ಮೂರನೇ ಇನೊಸೆಂಟ್ ಅದನ್ನು ರದ್ದುಮಾಡಿದರು, ಯುದ್ಧ ಹತ್ತಿಕೊಂಡಿತು, ದಂಗೆಕೋರರು ಫ್ರಾನ್ಸಿನ ರಾಜಕುಮಾರ ಲೂಯಿಯನ್ನೇ ಕರೆತಂದರು. 1216ರ ಅಕ್ಟೋಬರಿನಲ್ಲಿ ನ್ಯೂವಾರ್ಕ್‌ನಲ್ಲಿ ಜಾನ್ ಕಾಯಿಲೆಯಿಂದ ಸತ್ತ. ಪಟ್ಟಕ್ಕೆ ಬಂದ ಮಗ ಹೆನ್ರಿಗೆ ಒಂಬತ್ತು ವರ್ಷ. ಅವನ ಪರವಾಗಿ ರಾಜ್ಯಭಾರ ವಹಿಸಿಕೊಂಡ ಮಾರ್ಷಲ್, ಒಂದು ತಿಂಗಳೊಳಗೆ ಅದೇ ಸನ್ನದನ್ನು ದೊರೆಯ ಪಕ್ಷದಿಂದಲೇ ಮತ್ತೆ ಹೊರಡಿಸಿದ. ದೊರೆಯನ್ನು ಅಂಕೆಯಲ್ಲಿಡುವ 25 ಬ್ಯಾರನ್‌ಗಳ ಸಮಿತಿಯ ಕಲಮನ್ನು ಅದರಿಂದ ಕೈಬಿಟ್ಟರು, ಸಮ್ಮತಿಯಿಲ್ಲದೆ ಸ್ಕ್ಯೂಟೇಜ್ ಇಲ್ಲ ಎಂಬುದನ್ನೂ ಬಿಟ್ಟರು. ವಾರಸುದಾರನ ನೂರು ಪೌಂಡಿನ ಮಿತಿಯನ್ನು ಮಾತ್ರ ಮುಟ್ಟಲಿಲ್ಲ. 1225ರಲ್ಲಿ ಹೆನ್ರಿ ತಾನೇ ಹೊರಡಿಸಿದ ಸನ್ನದಿನಲ್ಲೂ ಅದು ಎರಡನೆಯ ಕಲಮಾಗಿಯೇ ನಿಂತಿದೆ.