ಸೀಲಿಂಗ್ ರೋಸ್ ಒಳಗೆ ಐದು ವೈರ್ ಕಂಡರೆ

ಹಳೇ ಬಲ್ಬ್ ತೆಗೆದು ಎಲ್‌ಇಡಿ ಪ್ಯಾನೆಲ್ ಹಾಕಲು ಬೇಕಿರುವುದು ಎರಡೇ ವೈರ್: ಸ್ವಿಚ್ಚಿನಿಂದ ಬರುವ ಫೇಸ್, ಮತ್ತೊಂದು ನ್ಯೂಟ್ರಲ್. ಪ್ರತಿ ಪಾಯಿಂಟಿಗೂ ಬೋರ್ಡಿನಿಂದಲೇ ಪೈಪ್ ಎಳೆದಿರುವ ಹೊಸ ಮನೆಗಳಲ್ಲಿ ಅಷ್ಟೇ ಇರುತ್ತವೆ, ಜೊತೆಗೊಂದು ಹಸಿರು ಅರ್ಥ್. ಕಷ್ಟ ಕೊಡುವುದು ಬ್ಯಾಟನ್ ವೈರಿಂಗಿನ (ಗೋಡೆಯ ಮೇಲೆ ಮರದ ಪಟ್ಟಿಗೆ ವೈರ್ ಬಿಗಿದ) ಹಳೇ ಮನೆಗಳು, ರೂಮಿನಿಂದ ರೂಮಿಗೆ ಲೂಪ್ ಹೊಡೆದ, ಅಂದರೆ ಒಂದು ಪಾಯಿಂಟಿನಿಂದಲೇ ಮುಂದಿನದಕ್ಕೆ ವೈರ್ ಎಳೆದ ಮನೆಗಳು. ಚಾವಣಿಯಲ್ಲಿ ಲೈಟಿನ ವೈರ್ ಕೂಡುವ ದುಂಡು ಡಬ್ಬಿಯೇ ಸೀಲಿಂಗ್ ರೋಸ್. ಅದರ ಮುಚ್ಚಳ ತಿರುಗಿಸಿದರೆ ನಾಲ್ಕೋ ಐದೋ ವೈರ್, ಎಲ್ಲದರ ಮೇಲೂ ಧೂಳು, ಬಣ್ಣವೇ ಗೊತ್ತಾಗದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬ ನಿಯಮವನ್ನು ಅಲ್ಲಿ ನಂಬಲೇಬೇಡಿ.

ಮೊದಲು ಕರೆಂಟ್ ತೆಗೆಯಬೇಕು. ಮೇನ್ ಆಫ್ ಮಾಡಿದರೆ ಸಾಲದು. ಯುಪಿಎಸ್ ಇರುವ ಮನೆಯಲ್ಲಿ ಅದಕ್ಕೆ ಕೊಟ್ಟಿರುವುದೇ ಲೈಟು, ಫ್ಯಾನು. ಮೇನ್ ಇಳಿಸಿದ ಕೂಡಲೇ ಯುಪಿಎಸ್ ಕರೆಂಟ್ ಹೋಯಿತೆಂದುಕೊಂಡು ಅದೇ ವೈರಿಗೆ ಬ್ಯಾಟರಿಯಿಂದ ಕೊಡುತ್ತದೆ. ಬರೀ ಯುಪಿಎಸ್ ಆಫ್ ಮಾಡಿದರೆ ಅದು ಮೇನ್ ಕರೆಂಟನ್ನು ಬೈಪಾಸಿನಲ್ಲಿ ದಾಟಿಸುತ್ತದೆ. ಎರಡೂ ಆಫ್ ಆಗಲೇಬೇಕು. ಸತ್ತಿದೆಯೇ ಎಂದು ನೋಡಲು ಟೆಸ್ಟರ್ ಒಂದನ್ನೇ ನೆಚ್ಚಬೇಡಿ. ಒಣ ಮರದ ಏಣಿ ಮೇಲೆ ನಿಂತವರ ಕೈಯಲ್ಲಿ ಅದು ಮಂಕಾಗಿ ಉರಿಯುತ್ತದೆ, ಹಗಲಲ್ಲಿ ಕಾಣದೆಯೂ ಇರಬಹುದು. ವೋಲ್ಟ್ ಅಳೆಯುವ ಡಿಜಿಟಲ್ ಮೀಟರಿನ ದೋಷ ಇದರ ತಿರುಗುಮುರುಗು: ಎಲ್ಲೂ ಸೇರದ ವೈರಿನ ಮೇಲೂ, ಪಕ್ಕದ ವೈರಿನ ಪ್ರಭಾವದಿಂದ, 40-50 ವೋಲ್ಟ್ ತೋರಿಸುತ್ತದೆ. ಒಂದು ಹೋಲ್ಡರಿಗೆ 40 ವಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ, ಎರಡು ವೈರ್ ಕೊಟ್ಟು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಇಂಥ ಕೆಲಸಕ್ಕೆ ಅದಕ್ಕಿಂತ ನಂಬಿಕಸ್ಥ ಸಾಧನ ನಾನು ಕಂಡಿಲ್ಲ. ಅದನ್ನು ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ ಸುಮಾರು 170 ಮಿಲಿಆಂಪ್ ಹರಿದು, 30 ಮಿಲಿಆಂಪಿನ ಆರ್‌ಸಿಸಿಬಿ (ಅರ್ಥ್‌ಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ, ಗಾಬರಿ ಬೇಡ. ನ್ಯೂಟ್ರಲ್‌ಗೇ ಹಿಡಿಯಿರಿ.

ಈಗ ರೋಸ್. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಒಂದೇ ಸ್ಕ್ರೂ ಕೆಳಗೆ ಜೊತೆಯಾಗಿರುವ ವೈರುಗಳು ಜೊತೆಯಾಗಿಯೇ ಇರಲಿ, ಅಲ್ಲೇ ಟೇಪ್ ಸುತ್ತಿ. ಈ ಒಂದು ಶಿಸ್ತು ಅರ್ಧ ತಲೆನೋವು ತಪ್ಪಿಸುತ್ತದೆ. ಮೂರು ಪ್ಲೇಟಿನ (ವೈರ್ ಬಿಗಿಯುವ ಲೋಹದ ತುಂಡಿನ) ರೋಸಿನಲ್ಲಿ ಸಾಮಾನ್ಯವಾಗಿ ಒಂದು ಪ್ಲೇಟಿನಲ್ಲಿ ಬಂದು ಮುಂದೆ ಹೋಗುವ ನ್ಯೂಟ್ರಲ್, ಇನ್ನೊಂದರಲ್ಲಿ ಸದಾ ಜೀವಂತವಿರುವ ಫೇಸಿನ ಲೂಪ್, ಮೂರನೆಯದರಲ್ಲಿ ಸ್ವಿಚ್ಚಿಗೆ ಇಳಿದು ವಾಪಸ್ ಬಂದ ವೈರ್.

ಜೊತೆ ಆಗಲೇ ಬಿಟ್ಟುಹೋಗಿದ್ದರೆ ಹುಡುಕಬೇಕು. ಪ್ರತಿ ತುದಿಗೂ ಸ್ಟ್ರಿಪ್ ಕನೆಕ್ಟರಿನ (ಒಳಗೆ ಸ್ಕ್ರೂ ಇರುವ ಪ್ಲಾಸ್ಟಿಕ್ ಪಟ್ಟಿ) ಒಂದೊಂದು ತುಂಡು ಹಾಕಿ, ತಾಮ್ರ ಎಲ್ಲೂ ಬಯಲಾಗಿರಬಾರದು. ಮನೆಯ ಎಲ್ಲ ಲೈಟ್ ಸ್ವಿಚ್ ಆಫ್ ಮಾಡಿ ಆಮೇಲೆ ಕರೆಂಟ್ ಕೊಡಿ. ಸ್ವಿಚ್ ಆಫ್ ಇದ್ದಾಗಲೂ ಟೆಸ್ಟರ್ ಉರಿಸುವ ವೈರ್ ಸದಾ ಫೇಸ್. ಸ್ವಿಚ್ಚಿಗೆ ಫೇಸ್ ಈ ರೋಸಿನಿಂದಲ್ಲದೆ ಬೇರೆ ಕಡೆಯಿಂದ ಬರುತ್ತಿದ್ದರೆ, ಆನ್ ಮಾಡಿದಾಗ ಮಾತ್ರ ಉರಿಸುವುದು ಸ್ವಿಚ್ ವೈರ್. ಫೇಸಿನೊಂದಿಗೆ ಟೆಸ್ಟ್ ಲ್ಯಾಂಪ್ ಪೂರ್ಣ ಬೆಳಗಿಸುವುದು ಒಳಬರುವ ನ್ಯೂಟ್ರಲ್. ಇದ್ಯಾವುದೂ ಆಗದೆ ಸುಮ್ಮನಿರುವುದು ಮುಂದಿನ ಕೋಣೆಗೆ ಹೋಗುವ ವೈರ್, ಇಲ್ಲವೇ ಈ ರೋಸಿನಿಂದಲೇ ಸ್ವಿಚ್ಚಿಗೆ ಇಳಿದು ವಾಪಸ್ ಬರುವ ಜೋಡಿ. ಎಲ್ಲ ಸ್ವಿಚ್ ಆಫ್ ಮಾಡಿ ಎಂದದ್ದು ಇದಕ್ಕೇ: ನ್ಯೂಟ್ರಲ್ ಲೂಪ್ ಕಡಿದಿರುವಾಗ ಮುಂದಿನ ರೂಮಿನ ಸ್ವಿಚ್ ಆನ್ ಇದ್ದರೆ, ಅಲ್ಲಿನ ಬಲ್ಬಿನ ಮೂಲಕ ಫೇಸ್ ಹಾದು ಈ ಕಪ್ಪು ವೈರಿಗೆ ಬಂದು ನಿಂತಿರುತ್ತದೆ. ನ್ಯೂಟ್ರಲ್ ತಾನೇ ಎಂದು ಮುಟ್ಟಿದವರಿಗೆ ಶಾಕ್ ಹೊಡೆಯುವುದು ಇಲ್ಲಿಯೇ.

ತಪ್ಪು ಜೋಡಣೆಯನ್ನು ಲಕ್ಷಣದಿಂದಲೇ ಹೇಳಬಹುದು. ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಒಂದು ಕಡೆ ಕಟ್ಟಿದರೆ ಲೈಟ್ ಸ್ವಿಚ್ ಆಫ್ ಇದ್ದಾಗಲೇ ಉರಿಯುತ್ತದೆ, ಸ್ವಿಚ್ ಹಾಕಿದರೆ ಎಂಸಿಬಿ (ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಸ್ವಿಚ್ಚಿನಿಂದ ವಾಪಸ್ ಬಂದ ಕಪ್ಪು ವೈರ್ ನ್ಯೂಟ್ರಲ್ ಗುಂಪಿಗೆ ಸೇರಿದೆ ಎಂದರ್ಥ. ಹೊಸ ಲೈಟ್ ಚೆನ್ನಾಗಿ ಉರಿದು ಬಚ್ಚಲಿನ ಲೈಟ್ ಸತ್ತಿದ್ದರೆ ಯಾವುದೋ ಲೂಪ್ ಬಿಟ್ಟುಹೋಗಿದೆ. ನ್ಯೂಟ್ರಲ್ ಸಿಗಲಿಲ್ಲವೆಂದು ಅರ್ಥ್ ವೈರಿಗೆ ಕೊಡುವವರಿದ್ದಾರೆ, ದಯವಿಟ್ಟು ಬೇಡ. ಆ ಅರ್ಥ್ ಎಲ್ಲಾದರೂ ಕಡಿದರೆ ಅದಕ್ಕೆ ಸೇರಿದ ಗೀಸರ್, ಫ್ರಿಜ್ಜಿನ ಮೈಗೆಲ್ಲ ಕರೆಂಟ್ ಬರುತ್ತದೆ.

ಜೋಡಿಸುವಾಗ 8ರಿಂದ 10 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ಹೊಸೆದು ಕನೆಕ್ಟರಿಗೆ ಹಾಕಿ, ಒಂದೊಂದನ್ನೂ ಎಳೆದು ನೋಡಿ. ಬರೀ ಟೇಪ್ ಸುತ್ತಿದ ಜಾಯಿಂಟ್ ಬಿಸಿಗೆ ಅಂಟು ಬಿಡುತ್ತದೆ. ಲೋಹದ ಮೈಯ ಫಿಟಿಂಗ್‌ಗೆ ಅರ್ಥ್ ಕಡ್ಡಾಯ. ಪಾಯಿಂಟಿನಲ್ಲಿ ಅರ್ಥ್ ಇಲ್ಲದಿದ್ದರೆ ಪ್ಲಾಸ್ಟಿಕ್ ಮೈಯ, ಡಬಲ್ ಇನ್ಸುಲೇಷನ್ ಗುರುತಿರುವುದನ್ನೇ ಕೊಳ್ಳಿ. ಪ್ಯಾನೆಲ್ ಕೂರಿಸಲು 6 ಮಿ.ಮೀ. ಬಿಟ್, ಅದೇ ಅಳತೆಯ ಪ್ಲಗ್, 35 ಮಿ.ಮೀ. ಸ್ಕ್ರೂ ಸಾಕು. ಪೈಪ್ ಹೊರಟ ದಿಕ್ಕಿನಲ್ಲಿ ಮಾತ್ರ ತೂತು ಬೇಡ.

ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣುಕುತ್ತಿದ್ದರೆ ಲೈಟ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಸ್ವಿಚ್ಚಿನಲ್ಲಿ ಇಂಡಿಕೇಟರ್ ಇದೆಯೇ ನೋಡಿ, ಇದ್ದರೆ ಸಾದಾ ಸ್ವಿಚ್ ಹಾಕಿಸಿ. ಇಲ್ಲದಿದ್ದರೆ, ಸ್ವಿಚ್ ಆಫ್ ಇಟ್ಟು ಫಿಟಿಂಗಿನ ಎರಡೂ ವೈರ್ ಟೆಸ್ಟರಿನಲ್ಲಿ ನೋಡಿ. ಪೂರ್ತಿ ಉರಿದರೆ, ಟೆಸ್ಟ್ ಲ್ಯಾಂಪಿನಲ್ಲೂ ಖಾತ್ರಿಯಾದರೆ, ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿದೆ, ಅಂದರೆ ಫೇಸ್ ಬದಲು ನ್ಯೂಟ್ರಲ್ ಕಡಿಯುತ್ತಿದೆ. ಇದನ್ನು ಬೋರ್ಡಿನಲ್ಲೇ ಸರಿಮಾಡಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿಯವರೆಗೆ ಆ ಪಾಯಿಂಟಿನಲ್ಲಿ ಬಲ್ಬ್ ಬದಲಿಸುವುದಕ್ಕೂ ಮೇನ್ ಮತ್ತು ಯುಪಿಎಸ್ ಎರಡನ್ನೂ ಇಳಿಸಿ.