ಬೆಟಗೇರಿ ಗಾಳಿಯಂತ್ರ, 7ನೇ ವಾರ: ಹೊಕ್ಕಿಲ್ಲದ ಹಾಸು

ರೆಕ್ಕೆಗೆ ಅಂತ ಬಗ್ಗಿಸಿ ಪರೀಕ್ಷೆ ಮಾಡುತ್ತಿದ್ದ ಗಾಜಿನ ನಾರಿನ ಎರಡನೇ ಪಟ್ಟಿಯೂ ಹೋಯಿತು. ಮುರಿದಿಲ್ಲ, ಬಿಳಿಚಿಕೊಂಡಿದೆ. ಬಿಸಿಲಿಗೆ ಹಿಡಿದರೆ, ಪಟ್ಟಿಯನ್ನು ಕಚ್ಚಿ ಹಿಡಿಯುವ ವೈಸಿನ ಹತ್ತಿರ ಕೂದಲೆಳೆಯಂಥ ಬಿಳಿ ಗೆರೆಗಳು. ನೂಲು ನೂಲನ್ನು ದಾಟುವ ಕಡೆಯೆಲ್ಲ ಒಂದೊಂದು ಬಿಳಿ ಚುಕ್ಕೆ. ನಾಣ್ಯದಿಂದ ತಟ್ಟಿದರೆ ಬೇರೆ ಕಡೆ ಟಣ್ ಅನ್ನುತ್ತದೆ, ಅಲ್ಲಿ ಮಾತ್ರ ಬೊದ್ದು ಸದ್ದು. ಒಳಗೆ ಪದರ ಬಿಟ್ಟಿದೆ.

ಮಾಳಿಗೆ ಮೇಲೆ ನಿಲ್ಲಿಸುವ ಗಾಳಿಯಂತ್ರಕ್ಕೆ 1.2 ಮೀಟರಿನ ಮೂರು ರೆಕ್ಕೆ ಬೇಕು. ಯಾವ ಗಾಜಿನ ಬಟ್ಟೆ ಬಾಳುತ್ತದೆ ಅಂತ ಮೊದಲು ಗೊತ್ತಾಗಬೇಕಲ್ವಾ? ಅದಕ್ಕೇ ಗುಜರಿಯ ವೈಪರ್ ಮೋಟರಿನಿಂದ ಪರೀಕ್ಷೆ ಯಂತ್ರ ಕಟ್ಟಿದ್ದು. ಪಟ್ಟಿಯ ಒಂದು ತುದಿ ವೈಸಿನಲ್ಲಿ, ಇನ್ನೊಂದು ತುದಿಯನ್ನು ಮೋಟರು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಬಗ್ಗಿಸುತ್ತದೆ. ಕರೆಂಟ್ ಹೋದರೂ ಬ್ಯಾಟರಿ ಮೇಲೆ ಓಡುತ್ತದೆ. ಮೊದಲ ಪಟ್ಟಿ ವೈಸಿನ ಚೂಪು ಅಂಚಿಗೇ ಕಡಿದುಹೋಗಿತ್ತು. ಈಗ ಎರಡೂ ಕಡೆ ಸೈಕಲ್ ಟ್ಯೂಬಿನ ತುಂಡು ಇಟ್ಟಿದ್ದೇನೆ.

ಕಪ್ಪತಗುಡ್ಡದ ಕಡೆಯ ದೊಡ್ಡ ಫ್ಯಾನುಗಳನ್ನು ನೋಡಿದಾಗೆಲ್ಲ ಈಗ ಲೆಕ್ಕವೇ ತಲೆಗೆ ಬರುತ್ತದೆ. ರೆಕ್ಕೆ ಅಡ್ಡ ಬಂದಾಗ ತನ್ನ ತೂಕಕ್ಕೇ ಒಂದು ಕಡೆ ಬಗ್ಗುತ್ತದೆ, ಅರ್ಧ ಸುತ್ತು ಆದ ಮೇಲೆ ಇನ್ನೊಂದು ಕಡೆ. ನಿಮಿಷಕ್ಕೆ 12 ಸುತ್ತು ಹಿಡಿದರೂ ವರ್ಷಕ್ಕೆ 63 ಲಕ್ಷ. 20 ವರ್ಷ ಬಾಳಬೇಕು ಅಂದರೆ 12 ಕೋಟಿ ದಾಟುತ್ತದೆ. ಗಾಳಿಯ ಏಟು ಬೇರೆ. ನನ್ನ ಮೋಟರು ಅಷ್ಟು ಎಣಿಸಲು 4 ವರ್ಷ ನಿಲ್ಲದೆ ಓಡಬೇಕು. ಜೋರಾಗಿ ಓಡಿಸೋಣ ಅಂದರೆ ನಾರನ್ನು ಅಂಟಿಸಿ ಹಿಡಿದ ರಾಳ (ಎಪಾಕ್ಸಿ) ಒಳಗೇ ಕಾಯುತ್ತದೆ, ಆ ಲೆಕ್ಕ ನಂಬೋ ಹಾಗಿಲ್ಲ. ಹಾಗಾಗಿ ಜಾಸ್ತಿ ಬಗ್ಗಿಸಿ ಬೇಗ ದಣಿಸುತ್ತೇನೆ. ಗಾಜಿನ ನಾರು ಮತ್ತು ಎಪಾಕ್ಸಿಗೆ ಸಾಮಾನ್ಯವಾಗಿ 10ರ ಘಾತ ಹಿಡಿಯುತ್ತಾರೆ, ಭಾರ ಎಷ್ಟು ಪಟ್ಟು ಇಳಿಯಿತೋ ಅದನ್ನು ಹತ್ತು ಸಲ ಗುಣಿಸಿದಷ್ಟು ಪಟ್ಟು ಆಯುಷ್ಯ ಏರುತ್ತದೆ. ಅಂದರೆ ಭಾರ ಬರೀ ನೂರಕ್ಕೆ 10 ಇಳಿಸಿದರೆ ಆಯುಷ್ಯ ಸುಮಾರು ಮೂರು ಪಟ್ಟು! ಇದನ್ನು ಕಾಗದದ ಮೇಲೆ ಮೂರು ಸಲ ಬಿಡಿಸಿ ನೋಡಿದೆ.

ಬಿಳಿಚಿದ ಪಟ್ಟಿಯನ್ನು ಪಕ್ಕದ ಮನೆ ಕಾಕಾ ಅವರಿಗೆ ತೋರಿಸಿದೆ. ಮಗ್ಗದಲ್ಲೇ ಕೂದಲು ಹಣ್ಣಾದವರು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡಿದರು.

“ಇದು ನೇಯ್ದ ಅರಿವಿ ಅಲ್ಲೇನೋ? ಹೊಕ್ಕಿನ ಮ್ಯಾಲ ಕೆಳಗ ಹಾಯ್ದು ಹಾಸು ಡೊಂಕಾಗೈತಿ. ಜಗ್ಗಿದಾಗೊಮ್ಮೆ ನೆಟ್ಟಗಾಗಾಕ ನೋಡ್ತೈತಿ. ನಿನ್ನ ಅಂಟು ಎಷ್ಟಂತ ತಡೀತೈತಿ?”

ಹಾಸು ಅಂದರೆ ಉದ್ದದ ನೂಲು, ಹೊಕ್ಕು ಅಂದರೆ ಅಡ್ಡ ನೂಲು. ನಾನು ವಾರಗಟ್ಟಲೆ ಓದಿ ತಿಳಿದುಕೊಂಡದ್ದೇ ಇದು. ನೂಲು ನೆಟ್ಟಗಾಗಲು ನೋಡಿದಷ್ಟು ಸಲ ಸುತ್ತಲಿನ ರಾಳಕ್ಕೆ ಏಟು. ಚುಕ್ಕೆಗಳೆಲ್ಲ ದಾಟುವ ಕಡೆಯೇ ಬಂದದ್ದು ಅದಕ್ಕೇ.

ಈಗ ಓಡುತ್ತಿರುವುದು ಮೂರನೇ ಪಟ್ಟಿ. ಇದರಲ್ಲಿ ಹೊಕ್ಕೇ ಇಲ್ಲ. ನಾರೆಲ್ಲ ಉದ್ದಕ್ಕೇ ಮಲಗಿವೆ, ತೆಳು ದಾರದಿಂದ ಹೊಲಿದು ಹಿಡಿಸಿದ್ದಾರೆ ಅಷ್ಟೆ. ಅಡ್ಡಕ್ಕೆ ಮಾತ್ರ ಇದು ಬಲು ಬೇಗ ಸೀಳುತ್ತದೆ. ಆದ್ದರಿಂದ ರೆಕ್ಕೆ ತಿರುಚದ ಹಾಗೆ ಹೊರಗಡೆ 45 ಡಿಗ್ರಿ ಓರೆಯಾಗಿ ಒಂದೊಂದು ಪದರ ಹಾಕಬೇಕು. ಬುಡದಲ್ಲಿ ಜಾಸ್ತಿ ಪದರ ಬೇಕು, ಆದರೆ ಎಲ್ಲವನ್ನೂ ಒಂದೇ ಕಡೆ ಮುಗಿಸಬಾರದು. ಮುಗಿದ ಅಂಚಿನಿಂದಲೇ ಪದರ ಬಿಡಲು ಶುರುವಾಗುತ್ತದೆ. ಮೆಟ್ಟಿಲ ಹಾಗೆ ಒಂದೊಂದನ್ನೂ 30 ಮಿಲಿಮೀಟರ್ ಹಿಂದೆ ನಿಲ್ಲಿಸುತ್ತೇನೆ.

ಇವತ್ತು ಬೆಳಿಗ್ಗೆ ಕೌಂಟರ್ 6,91,000 ದಾಟಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಇನ್ನೂ ಒಂದು ಗೆರೆಯೂ ಇಲ್ಲ. ಭಾನುವಾರ ಅಚ್ಚಿಗೆ ಮೇಣ ಸವರುತ್ತೇನೆ. ನಾರು ಬಿಗಿಯಾಗಿ ಹಾಸಿಕೊಡಲು ಕಾಕಾ ಬರುತ್ತೇನೆ ಅಂದಿದ್ದಾರೆ.